ಔಷಧೀಯ ಸಸ್ಯ: ಯಾವ ಭಾಗ ತೆಗೆಯುತ್ತೇವೆ, ಎಷ್ಟು ವರ್ಷ ಕಾಯುತ್ತೇವೆ?

ದ್ವಿತೀಯ ಪಿಯುಸಿ ಜೀವಶಾಸ್ತ್ರದ ಜೀವವೈವಿಧ್ಯ ಪಾಠದಲ್ಲಿ ರಾವುಲ್ಫಿಯಾ ಎಂಬ ಗಿಡದ ಹೆಸರು ಒಂದೇ ಒಂದು ಸಲ ಬರುತ್ತದೆ. ಹಿಮಾಲಯದ ಬೇರೆ ಬೇರೆ ಶ್ರೇಣಿಗಳಲ್ಲಿ ಬೆಳೆದ ಈ ಗಿಡಗಳಲ್ಲಿ ರೆಸರ್ಪಿನ್ ಎಂಬ ರಾಸಾಯನಿಕದ ಪ್ರಮಾಣವೂ ಶಕ್ತಿಯೂ ಒಂದೇ ರೀತಿ ಇರುವುದಿಲ್ಲ, ಇದು ಆನುವಂಶಿಕ ವೈವಿಧ್ಯಕ್ಕೆ ಉದಾಹರಣೆ ಎಂದು ಅಲ್ಲಿ ಹೇಳಿದೆ. ನೀವೆಲ್ಲ ಅದಕ್ಕೆ ಪೆನ್ಸಿಲಿನಲ್ಲಿ ಗೆರೆ ಎಳೆದು ಮುಂದಿನ ಪುಟಕ್ಕೆ ಹೋಗುತ್ತೀರಿ. ಒಂದು ಅಂಕದ ಪ್ರಶ್ನೆಗೆ ಅಷ್ಟು ಸಾಕು. ಆದರೆ ಆ ಗಿಡದ ಕಥೆ ಒಂದು ಅಂಕಕ್ಕಿಂತ ದೊಡ್ಡದು.

ನಮ್ಮ ನಾಡಿನ ರಾವುಲ್ಫಿಯಾ ಎಂದರೆ ಸರ್ಪಗಂಧಿ. ಇದರ ಬೇರನ್ನು ವೈದ್ಯರು, ಹಕೀಮರು ಬಹಳ ಹಿಂದಿನಿಂದ ಬಳಸುತ್ತಿದ್ದರು. ದೆಹಲಿಯ ಹಕೀಮ್ ಅಜ್ಮಲ್ ಖಾನ್ ಅವರು ಯುನಾನಿ ಔಷಧಿಗಳನ್ನು ಆಧುನಿಕ ರಸಾಯನಶಾಸ್ತ್ರದ ಮೂಲಕ ಪರೀಕ್ಷಿಸಬೇಕು ಎಂದು ಬಯಸಿ, ಆ ಕೆಲಸಕ್ಕೆ ಸಲೀಮುಜ್ಜಮಾನ್ ಸಿದ್ದೀಕಿ ಎಂಬ ಯುವ ವಿಜ್ಞಾನಿಯನ್ನು ಆರಿಸಿಕೊಂಡರು. ಸಿದ್ದೀಕಿ 1931ರಲ್ಲಿ ಸರ್ಪಗಂಧಿಯ ಬೇರಿನಿಂದ ಒಂದು ಆಲ್ಕಲಾಯ್ಡ್ ಬೇರ್ಪಡಿಸಿದರು. ಅಷ್ಟರಲ್ಲಿ ಹಕೀಮರು ತೀರಿಕೊಂಡಿದ್ದರು. ಅವರ ನೆನಪಿಗೆ ಅದಕ್ಕೆ ‘ಅಜ್ಮಲಿನ್’ ಎಂದು ಹೆಸರಿಟ್ಟರು. ಹೃದಯದ ಬಡಿತದ ಏರುಪೇರಿಗೆ ಸಂಬಂಧಿಸಿದ ಔಷಧವಾಗಿ ಆ ಹೆಸರು ಇಂದಿಗೂ ವೈದ್ಯಕೀಯ ಪುಸ್ತಕಗಳಲ್ಲಿದೆ. ಮುಂದೆ 1949ರಲ್ಲಿ ಮುಂಬೈಯ ವೈದ್ಯ ರುಸ್ತುಂ ಜಾಲ್ ವಕೀಲ್ ಈ ಬೇರು ರಕ್ತದ ಒತ್ತಡ ಇಳಿಸುತ್ತದೆ ಎಂದು ಬ್ರಿಟನ್ನಿನ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಬರೆದರು. 1952ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ರೆಸರ್ಪಿನ್ ಬೇರ್ಪಟ್ಟಿತು. ಅಲ್ಲಿಂದ ಜಗತ್ತಿಗೇ ಈ ಬೇರು ಬೇಕಾಯಿತು. ಬೇರು ಬೇಕಾದರೆ ಗಿಡವನ್ನು ಕೀಳಲೇಬೇಕು. 1990ರಿಂದ ಸರ್ಪಗಂಧಿ ‘ಸೈಟಿಸ್’ ಎಂಬ ಅಂತಾರಾಷ್ಟ್ರೀಯ ಒಪ್ಪಂದದ ಎರಡನೆಯ ಪಟ್ಟಿಯಲ್ಲಿದೆ, ಅಂದರೆ ಅದನ್ನು ದೇಶದಿಂದ ದೇಶಕ್ಕೆ ಸಾಗಿಸಲು ಪರವಾನಗಿ ಬೇಕು.

ಇದನ್ನು ತರಗತಿಯಲ್ಲಿ ಹೇಳಿದಾಗ ಪ್ರತಿ ವರ್ಷ ಒಬ್ಬರಾದರೂ ಕೇಳುತ್ತಾರೆ: “ಮೇಡಂ, ಕಾಡಿನಿಂದ ಯಾಕೆ ಕೀಳಬೇಕು? ತೋಟದಲ್ಲಿ ಬೆಳೆಸಿದರೆ ಆಯಿತಲ್ಲ?”

ಒಳ್ಳೆಯ ಪ್ರಶ್ನೆ. ಉತ್ತರ ಮಾತ್ರ ಒಂದು ಮಾತಿನಲ್ಲಿ ಮುಗಿಯುವುದಿಲ್ಲ, ಏಕೆಂದರೆ ‘ಔಷಧೀಯ ಸಸ್ಯ’ ಎಂಬುದು ಒಂದೇ ಬಗೆಯ ವಸ್ತುವಲ್ಲ. ಒಂದು ಗಿಡವನ್ನು ಮುಗಿಸದೆ ಬಳಸಬಹುದೇ ಎಂಬುದು ಎರಡು ವಿಷಯದ ಮೇಲೆ ನಿಂತಿದೆ. ನಾವು ಅದರ ಯಾವ ಭಾಗ ತೆಗೆಯುತ್ತೇವೆ? ತೆಗೆದ ಭಾಗ ಮತ್ತೆ ಬರಲು ಎಷ್ಟು ಕಾಲ ಬೇಕು?

ನಮ್ಮ ಊರಿನಲ್ಲೇ ಕಾಣುವ ಉದಾಹರಣೆ ನೋಡಿ. ಆಟಿ ಅಮಾವಾಸ್ಯೆಯ ದಿನ ತುಳುನಾಡಿನ ಎಷ್ಟೋ ಮನೆಗಳಲ್ಲಿ ಹಾಲೆ ಮರದ ಕಷಾಯ ಕುಡಿಯುತ್ತಾರೆ. ತುಳುವಿನಲ್ಲಿ ಪಾಲೆ, ಸಂಸ್ಕೃತದಲ್ಲಿ ಸಪ್ತಪರ್ಣಿ, ಸಸ್ಯಶಾಸ್ತ್ರದಲ್ಲಿ ಆಲ್ಸ್ಟೋನಿಯಾ ಸ್ಕೊಲಾರಿಸ್. ಇದರ ಹಲಗೆಯಿಂದ ಹಿಂದೆ ಶಾಲೆಯ ಬರೆಯುವ ಹಲಗೆ ಮಾಡುತ್ತಿದ್ದುದರಿಂದ ‘ಸ್ಕೊಲಾರಿಸ್’ ಎಂಬ ಹೆಸರು ಬಂತು; ವಿದ್ಯಾರ್ಥಿಗಳಿಗೆ ಹತ್ತಿರದ ಮರ ಎನ್ನಬಹುದು! ಸೂರ್ಯ ಮೂಡುವ ಮೊದಲು ಹೋಗಿ, ಕತ್ತಿ ಬಳಸದೆ ಚೂಪು ಕಲ್ಲಿನಿಂದ ಜಜ್ಜಿ ಕೆತ್ತೆ ತರಬೇಕು ಎಂಬುದು ವಾಡಿಕೆ. ಈಗ ನಗರದಲ್ಲಿ ಸಂಘಸಂಸ್ಥೆಗಳು ದೊಡ್ಡ ಪಾತ್ರೆಯಲ್ಲಿ ಕಷಾಯ ಮಾಡಿ ಹಂಚುವುದೂ ಇದೆ.

ಕಷಾಯದ ಗುಣದ ಬಗ್ಗೆ ನಾನಿಲ್ಲಿ ಮಾತಾಡುವುದಿಲ್ಲ, ಮರದ ಬಗ್ಗೆ ಮಾತಾಡುತ್ತೇನೆ. ಮಣ್ಣಗುಡ್ಡದಿಂದ ಉರ್ವದ ಕಡೆ ನಡೆದು ಹೋಗುವ ದಾರಿಯಲ್ಲಿ ನಾನು ನೋಡುವ ಹಾಲೆ ಮರವೊಂದಕ್ಕೆ ಮನುಷ್ಯನ ಎದೆಯೆತ್ತರದಲ್ಲಿ ಸುತ್ತಲೂ ಗಾಯದ ಗುರುತುಗಳಿವೆ. ಒಳಗಿನ ಕೆತ್ತೆಯಲ್ಲಿ ಇರುವುದು ಫ್ಲೋಯೆಮ್. ಎಲೆಯಲ್ಲಿ ತಯಾರಾದ ಆಹಾರ ಬೇರಿಗೆ ಇಳಿಯುವ ದಾರಿ ಅದೇ. ಕೆತ್ತೆಯನ್ನು ಉದ್ದುದ್ದಕ್ಕೆ ಕಿರಿದಾದ ಪಟ್ಟಿಯಾಗಿ ತೆಗೆದರೆ ಎರಡೂ ಬದಿಯಿಂದ ಹೊಸ ಅಂಗಾಂಶ ಬೆಳೆದು ಗಾಯ ಮುಚ್ಚುತ್ತದೆ. ಬಳೆಯಂತೆ ಸುತ್ತಲೂ ತೆಗೆದರೆ ಬೇರು ಹಸಿದು ಸಾಯುತ್ತದೆ, ಆಮೇಲೆ ಮರ. ‘ಗರ್ಡ್ಲಿಂಗ್’ ಪ್ರಯೋಗ ಎನ್ನುವುದು ಇದನ್ನೇ. ಹಿಂದೆ ಒಂದು ಊರಿಗೆ ಹಲವು ಹಾಲೆ ಮರ, ಕೆಲವೇ ಮನೆ. ಕಲ್ಲಿನಿಂದ ಜಜ್ಜಿದರೆ ಬರುವುದೂ ಸ್ವಲ್ಪವೇ. ಆ ವಾಡಿಕೆ ಮರವನ್ನು ಉಳಿಸಲೆಂದೇ ಹುಟ್ಟಿತು ಎಂದು ನಾನು ಹೇಳಲಾರೆ, ಆದರೆ ಮರಕ್ಕೆ ಅದರಿಂದ ಲಾಭವಾಗಿತ್ತು. ಈಗ ಒಂದು ವಾರ್ಡಿಗೆ ಒಂದೆರಡು ಮರ, ಕೈಯಲ್ಲಿ ಕತ್ತಿ.

ಇನ್ನೊಂದು ಮಾತು. ಕತ್ತಲಲ್ಲಿ ಹಾಲೆ ಎಂದುಕೊಂಡು ಕಾಸರಕದ ಕೆತ್ತೆ ತಂದರೆ ಅದರಲ್ಲಿ ಸ್ಟ್ರಿಕ್ನಿನ್ ಎಂಬ ಮಾರಕ ವಿಷ ಇರುತ್ತದೆ. ಗುರುತು ಗೊತ್ತಿಲ್ಲದವರು ಮುಟ್ಟಬಾರದು. ಹಾಲೆಗೆ ಒಂದು ಗೆಣ್ಣಿನಲ್ಲಿ ಸುತ್ತಲೂ ಏಳರಷ್ಟು ಎಲೆ, ಮುರಿದರೆ ಬಿಳಿ ಹಾಲು. ಕಾಸರಕಕ್ಕೆ ಎದುರುಬದುರು ಎರಡೆರಡೇ ಎಲೆ, ಹಾಲಿಲ್ಲ.

ಗುರುತಿನ ವಿಷಯ ಬಂದದ್ದರಿಂದ ಅಶೋಕವನ್ನೂ ಹೇಳಿಬಿಡುತ್ತೇನೆ. ಫ್ಲ್ಯಾಟುಗಳ, ಶಾಲೆಗಳ ಕಾಂಪೌಂಡಿನ ಬದಿಯಲ್ಲಿ ಕಂಬದ ಹಾಗೆ ನೇರ ನಿಂತು ಎಲೆ ಜೋತುಬಿಟ್ಟಿರುವ ಮರವನ್ನು ಎಲ್ಲರೂ ಅಶೋಕ ಎನ್ನುತ್ತಾರೆ. ಅದು ಸೀತಾಫಲದ ಕುಟುಂಬದ ಪಾಲಿಯಾಲ್ಥಿಯಾ. ಆಯುರ್ವೇದದ ಅಶೋಕಾರಿಷ್ಟಕ್ಕೆ ಬೇಕಾದದ್ದು ಸರಾಕಾ ಅಶೋಕಾ, ಕಿತ್ತಳೆ-ಕೆಂಪು ಹೂಗೊಂಚಲಿನ ಪಶ್ಚಿಮ ಘಟ್ಟದ ಮರ. ಅದರ ಕೆತ್ತೆಗೆ ಬೇಡಿಕೆ ಎಷ್ಟಿದೆಯೆಂದರೆ ಮಾರುಕಟ್ಟೆಗೆ ಬರುವ ‘ಅಶೋಕದ ಕೆತ್ತೆ’ಯಲ್ಲಿ ಈ ಕಾಂಪೌಂಡ್ ಮರದ ಕೆತ್ತೆ ಬೆರೆಯುವುದು ವಿಜ್ಞಾನಿಗಳಿಗೆ ಗೊತ್ತಿರುವ ವಿಷಯ. ನಿಜವಾದ ಅಶೋಕವೋ, ಅಂತಾರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ಅಪಾಯಕ್ಕೆ ಈಡಾಗಬಲ್ಲ ಮರ ಎಂದು ದಾಖಲಾಗಿದೆ.

ಕೆತ್ತೆಗಿಂತ ಕಷ್ಟದ ಪ್ರಕರಣ ಬೇರಿನದು. ನಮ್ಮ ಜಿಲ್ಲೆಯಲ್ಲಿ ಸಕ್ಕರೆ ಕಾಯಿಲೆಯವರ ಬಾಯಲ್ಲಿ ಬರುವ ಒಂದು ಹೆಸರು ಏಕನಾಯಕ. ಸಲೇಸಿಯಾ ಕುಲದ, ಗಟ್ಟಿ ಕಾಂಡದ ಬಳ್ಳಿ. ಬೇರು ಕತ್ತರಿಸಿದರೆ ಒಳಗೆ ವೃತ್ತದೊಳಗೆ ವೃತ್ತ ಕಾಣುತ್ತದೆ, ಅದಕ್ಕೇ ಸಪ್ತಚಕ್ರ, ಸಪ್ತರಂಗಿ ಎಂಬ ಹೆಸರುಗಳೂ ಇವೆ. ಶ್ರೀಲಂಕಾದಲ್ಲಿ ಇದರ ಮರದಿಂದ ಲೋಟ ಕಡೆದು, ರಾತ್ರಿ ನೀರು ತುಂಬಿಟ್ಟು ಬೆಳಿಗ್ಗೆ ಕುಡಿಯುವ ಪದ್ಧತಿ ಇದೆ. 1990ರ ದಶಕದ ಕೊನೆಯಲ್ಲಿ ಜಪಾನಿನ ವಿಜ್ಞಾನಿಗಳು ಇದರಿಂದ ಸಲಾಸಿನಾಲ್, ಕೊಟಲನಾಲ್ ಎಂಬ ವಸ್ತುಗಳನ್ನು ಬೇರ್ಪಡಿಸಿದರು. ಇವು ಮಾಡುವ ಕೆಲಸ ನಿಮ್ಮ ಕಿಣ್ವಗಳ ಪಾಠಕ್ಕೆ ಸೇರಿದ್ದು. ಸಣ್ಣ ಕರುಳಿನಲ್ಲಿ ಸಕ್ಕರೆಯ ಜೋಡಿ ಅಣುಗಳನ್ನು ಒಡೆದು ಗ್ಲೂಕೋಸ್ ಮಾಡುವ ಆಲ್ಫಾ-ಗ್ಲೂಕೋಸಿಡೇಸ್ ಎಂಬ ಕಿಣ್ವವನ್ನು ಇವು ತಡೆಯುತ್ತವೆ. ಆಗ ಗ್ಲೂಕೋಸ್ ರಕ್ತಕ್ಕೆ ನಿಧಾನವಾಗಿ ಸೇರುತ್ತದೆ. ಡಾಕ್ಟರರು ಬರೆಯುವ ಅಕಾರ್ಬೋಸ್ ಮಾತ್ರೆಯೂ ಇದೇ ದಾರಿಯದು. (ಇದನ್ನು ಓದಿ ಮನೆಯಲ್ಲಿ ಹಿರಿಯರ ಮಾತ್ರೆ ನಿಲ್ಲಿಸಿ ಬೇರು ಅರೆದು ಕೊಡಬೇಡಿ. ಎರಡೂ ಸೇರಿದರೆ ಸಕ್ಕರೆ ಅತಿಯಾಗಿ ಇಳಿಯುವ ಅಪಾಯ ಇದೆ.)

ಈಗ ಒಂದು ಲೆಕ್ಕ ಮಾಡಿ. ಒಂದು ಕಾಡಿನಲ್ಲಿ ಇಂಥ ಬಳ್ಳಿ 240 ಇವೆ ಎಂದುಕೊಳ್ಳಿ. ಬೀಜ ಮೊಳೆತು ಮಾರಾಟಕ್ಕೆ ಬರುವಷ್ಟು ಬೇರು ದಪ್ಪವಾಗಲು 12 ವರ್ಷ ಬೇಕು ಎಂದುಕೊಳ್ಳಿ. ಕಿತ್ತಷ್ಟೂ ಮತ್ತೆ ಹುಟ್ಟುತ್ತವೆ ಎಂದೂ ಇಟ್ಟುಕೊಳ್ಳೋಣ. ಹಾಗಿದ್ದರೆ ವರ್ಷಕ್ಕೆ ಕೀಳಬಹುದಾದದ್ದು 20 ಮಾತ್ರ. ವ್ಯಾಪಾರಿ 40 ಕೇಳಿದರೆ? ಆರನೇ ವರ್ಷದ ಕೊನೆಗೆ ಬಲಿತ ಬಳ್ಳಿ ಒಂದೂ ಇಲ್ಲ, ಇರುವುದೆಲ್ಲ ಎಳೆಯದು. ಏಳನೇ ವರ್ಷ ಎಳೆಯದನ್ನೇ ಕೀಳುತ್ತಾರೆ. ಅದು ಇನ್ನೂ ಹೂ ಬಿಟ್ಟಿರುವುದಿಲ್ಲ, ಅಂದರೆ ಬೀಜವೂ ಹೋಯಿತು. ಸಂಖ್ಯೆಗಳು ನಾನು ಇಟ್ಟುಕೊಂಡದ್ದು, ನಿಮ್ಮ ಬಳ್ಳಿಗೆ ತಕ್ಕಂತೆ ಬದಲಿಸಿಕೊಳ್ಳಿ. ಲೆಕ್ಕದ ರೀತಿ ಮಾತ್ರ ಬದಲಾಗುವುದಿಲ್ಲ.

ಹಣ್ಣಾದರೆ ತೊಂದರೆಯಿಲ್ಲವಲ್ಲ, ಮರ ಹಾಗೇ ಉಳಿಯುತ್ತದಲ್ಲ ಎನ್ನಬಹುದು. ಉಪ್ಪಾಗೆಯ ಕಥೆ ಕೇಳಿ. ಇದು ನಮ್ಮ ಪುನರ್ಪುಳಿಯ ಅಣ್ಣತಮ್ಮ, ಗಾರ್ಸಿನಿಯಾ ಗಮ್ಮಿಗಟ್ಟಾ. ಕೇರಳದವರು ಮೀನಿನ ಸಾರಿಗೆ ಹಾಕುವ ಕೊಡಂಪುಳಿ ಇದೇ. ಶಿರಸಿ, ಸಿದ್ದಾಪುರದ ಕಡೆ ಇದರ ಬೀಜದಿಂದ ತುಪ್ಪ ತೆಗೆಯುತ್ತಾರೆ. 1965ರಲ್ಲಿ ಮೈಸೂರಿನ ಸಿಎಫ್‌ಟಿಆರ್‌ಐ ವಿಜ್ಞಾನಿಗಳಾದ ಲೂಯಿಸ್ ಮತ್ತು ನೀಲಕಂಠನ್, ಇದರ ಹುಳಿಗೆ ಮುಖ್ಯ ಕಾರಣ ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಎಂದು ತೋರಿಸಿದರು. ಈ ಆಮ್ಲ, ಸಿಟ್ರೇಟ್‌ನಿಂದ ಕೊಬ್ಬು ತಯಾರಾಗುವ ದಾರಿಯ ಒಂದು ಕಿಣ್ವವನ್ನು ತಡೆಯುತ್ತದೆ ಎಂಬುದು ಕೆಲವೇ ವರ್ಷಗಳಲ್ಲಿ ಪ್ರಯೋಗಾಲಯದಲ್ಲಿ ಗೊತ್ತಾಯಿತು. ಮುಂದಿನದನ್ನು ನೀವೇ ಊಹಿಸಬಹುದು. 1990ರ ದಶಕದಲ್ಲಿ ಅಮೆರಿಕದಲ್ಲಿ ‘ತೂಕ ಇಳಿಸುವ ಮಾತ್ರೆ’ಯಾಗಿ ಇದು ಬಂತು. ಅಲ್ಲಿಯವರು ತೆಳ್ಳಗಾಗಲು ಹೊರಟರು, ಉತ್ತರ ಕನ್ನಡದ ಕಾಡಿನಲ್ಲಿ ಕೊಂಬೆಗಳು ಬಿದ್ದವು.

ಹಣ್ಣು ಕೊಯ್ಯಲು ಕೊಂಬೆ ಯಾಕೆ ಕಡಿಯಬೇಕು? ಉಪ್ಪಾಗೆ ಎತ್ತರದ ಮರ, ಹಣ್ಣು ಬರುವುದು ಮಳೆಗಾಲದಲ್ಲಿ, ಕಾಂಡ ಜಾರುತ್ತದೆ. ಮರ ಕಾಡಿನದು, ಅಂದರೆ ಮೊದಲು ಬಂದವನದು. ಹಣ್ಣಾಗಲಿ ಎಂದು ನಾನು ಬಿಟ್ಟುಬಂದರೆ ನಾಳೆ ಇನ್ನೊಬ್ಬ ಕಾಯನ್ನೇ ಕೊಯ್ಯುತ್ತಾನೆ. ಹಾಗಾಗಿ ಎಲ್ಲರೂ ಕಾಯಿಯನ್ನೇ, ಬೇಗನೇ, ಕೊಂಬೆ ಸಮೇತ ಇಳಿಸತೊಡಗಿದರು. ಮಳೆಯಲ್ಲಿ ಬಿಸಿಲಿಲ್ಲ, ಸಿಪ್ಪೆ ಒಣಗಿಸಲು ಕಟ್ಟಿಗೆಯ ಬೆಂಕಿ ಬೇಕು. ಆ ಕಟ್ಟಿಗೆಯೂ ಅದೇ ಕಾಡಿನದು. ಉಪ್ಪಾಗೆ ಅಲ್ಲಿಯ ಸಿಂಗಳೀಕಗಳ ಆಹಾರ ಕೂಡ. ಇಷ್ಟೆಲ್ಲ ಆದ ಮೇಲೆ 1998ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂತು. 135 ಜನ, 12 ವಾರ. ಈ ಮಾತ್ರೆ ತಿಂದವರಿಗೂ ಹುಸಿ ಮಾತ್ರೆ ತಿಂದವರಿಗೂ ತೂಕದಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಹಾಗೆಂದು ವ್ಯಾಪಾರ ನಿಲ್ಲಲಿಲ್ಲ, ಇಂದಿಗೂ ಆನ್‌ಲೈನ್ ಅಂಗಡಿಗಳಲ್ಲಿ ಅದು ಸಿಗುತ್ತದೆ. ಬೇಡಿಕೆ ಹುಟ್ಟುವುದಕ್ಕೆ ಔಷಧ ಕೆಲಸ ಮಾಡಲೇಬೇಕೆಂದಿಲ್ಲ ಎಂಬುದನ್ನು ನನಗೆ ಕಲಿಸಿದ್ದು ಈ ಹಣ್ಣು.

ಕಾಡನ್ನೇ ನಂಬಿದವರು ಯಾವಾಗಲೂ ಹೀಗೆ ಮಾಡುತ್ತಾರೆ ಎಂದು ತಿಳಿಯಬೇಡಿ. ಚಾಮರಾಜನಗರದ ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರು ನೆಲ್ಲಿಕಾಯಿ ಸಂಗ್ರಹಿಸಿ ತಮ್ಮದೇ ಲ್ಯಾಂಪ್ಸ್ ಸಹಕಾರ ಸಂಘಗಳ ಮೂಲಕ ಮಾರುತ್ತಿದ್ದರು. ಅಲ್ಲಿ ನೆಲ್ಲಿ ಮರಗಳನ್ನು ಕಾಡಿದ್ದರಲ್ಲಿ ಮುಖ್ಯವಾದುದು ಬದನಿಕೆ ಎಂಬ ಪರಾವಲಂಬಿ ಗಿಡ. ಅದು ಹತ್ತಿದ ಕೊಂಬೆಯನ್ನು ಗುರುತಿಸಿ ತೆಗೆಯಬಲ್ಲವರು ಮರ ಹತ್ತುವವರೇ. 2002ರ ವನ್ಯಜೀವಿ ಕಾಯ್ದೆಯ ತಿದ್ದುಪಡಿಯ ಬಳಿಕ ಅಭಯಾರಣ್ಯದಲ್ಲಿ ಮಾರಾಟಕ್ಕಾಗಿ ಸಂಗ್ರಹಿಸುವುದು ನಿಂತಿತು. 2011ರಲ್ಲಿ ಅರಣ್ಯ ಹಕ್ಕು ಕಾಯ್ದೆಯಡಿ ಸೋಲಿಗರ ಸಮುದಾಯ ಹಕ್ಕುಗಳಿಗೆ ಮಾನ್ಯತೆ ಸಿಕ್ಕಿತು. ಮರ ತಮ್ಮದೆಂಬ ಭರವಸೆ ಇದ್ದವನು ಹಣ್ಣಾಗುವವರೆಗೆ ಕಾಯುತ್ತಾನೆ.

ಇನ್ನು ಮೊದಲಿನ ಪ್ರಶ್ನೆಗೆ ಬರೋಣ, ಬೆಳೆಸಿದರೆ ಆಗದೇ? ರಾಷ್ಟ್ರೀಯ ಔಷಧೀಯ ಸಸ್ಯಗಳ ಮಂಡಳಿಗಾಗಿ ನಡೆದ ಒಂದು ದೊಡ್ಡ ಸಮೀಕ್ಷೆಯಲ್ಲಿ (2005-06ರ ಲೆಕ್ಕ) ದೇಶದಲ್ಲಿ ವರ್ಷಕ್ಕೆ 100 ಟನ್‌ಗಿಂತ ಹೆಚ್ಚು ಬಳಕೆಯಾಗುವ ಸಸ್ಯಗಳು 178 ಎಂದು ಕಂಡುಬಂತು. ಅವುಗಳಲ್ಲಿ ಮುಖ್ಯವಾಗಿ ಕೃಷಿಯಿಂದ ಬರುತ್ತಿದ್ದುದು 36 ಮಾತ್ರ. ಉಳಿದವು ಹೆಚ್ಚಾಗಿ ಕಾಡಿನಿಂದ, ರಸ್ತೆ ಬದಿಯಿಂದ, ಪಾಳು ಭೂಮಿಯಿಂದ.

ಕಾರಣ ರೈತನ ಅಜ್ಞಾನವಲ್ಲ, ಲೆಕ್ಕ. ಕಾಡಿನಿಂದ ಬಂದ ಬೇರಿನ ಬೆಲೆಯಲ್ಲಿ ಇರುವುದು ಅಗೆದವನ ಕೂಲಿ ಮತ್ತು ಸಾಗಿಸಿದ ಖರ್ಚು. ಅದನ್ನು ಬೆಳೆಸಿದ ಖರ್ಚು ಅದರಲ್ಲಿ ಇಲ್ಲ, ಏಕೆಂದರೆ ಬೆಳೆಸಿದ್ದು ಕಾಡು. ರೈತ ಬೆಳೆಸಿದರೆ ಜಾಗ, ಗೊಬ್ಬರ, ನೀರು, ಕಳೆ ಕೀಳುವ ಕೂಲಿ, ಅದರ ಮೇಲೆ ಕಾಯುವ ವರ್ಷಗಳು. ಅವನ ಬೇರು ದುಬಾರಿಯಾಗಲೇಬೇಕು. ಕಾಡಿನಲ್ಲಿ ಅಗ್ಗಕ್ಕೆ ಸಿಗುವವರೆಗೆ ವ್ಯಾಪಾರಿ ರೈತನ ಬಳಿ ಬರುವುದಿಲ್ಲ. ಬರುವ ಹೊತ್ತಿಗೆ ಕಾಡಿನಲ್ಲಿ ಬೀಜಕ್ಕೂ ಗಿಡ ಉಳಿದಿರುವುದಿಲ್ಲ. ಕೃಷಿಗೆ ಸಬ್ಸಿಡಿ ಕೊಟ್ಟು, ಕಾಡಿನಿಂದ ಬರುವ ಸರಕಿನ ಮೇಲೆ ಕಣ್ಣಿಡದಿದ್ದರೆ ರೈತನಿಗೆ ನಷ್ಟವಾಗುತ್ತದೆ ಎಂಬುದು ನನ್ನ ಅಭಿಪ್ರಾಯ.

ಹಾಗಿದ್ದೂ ದಾರಿಗಳಿವೆ. ಸರ್ಪಗಂಧಿಯ ಬೀಜಕ್ಕೆ ಗಟ್ಟಿ ಕವಚ, ಮೊಳಕೆ ಕಡಿಮೆ. ಆದರೆ ಬೇರಿನ ತುಂಡಿನಿಂದಲೂ ಗಿಡ ಮಾಡಬಹುದು, ಒಂದೂವರೆ-ಎರಡು ವರ್ಷದಲ್ಲಿ ಬೇರು ಕೊಯ್ಲಿಗೆ ಬರುತ್ತದೆ. ಸ್ವಲ್ಪ ನೆರಳು ಸಹಿಸುತ್ತದೆ. ಪುತ್ತೂರು, ಬಂಟ್ವಾಳ, ಬೆಳ್ತಂಗಡಿಯಿಂದ ಬರುವ ನಿಮ್ಮಲ್ಲಿ ಅನೇಕರ ಮನೆಯಲ್ಲಿ ಅಡಿಕೆ ತೋಟವಿದೆ. ವಿಟ್ಲದ ಸಿಪಿಸಿಆರ್‌ಐ ಪ್ರಾದೇಶಿಕ ಕೇಂದ್ರದಲ್ಲಿ ಅಡಿಕೆ ಮರಗಳ ನಡುವೆ ಔಷಧೀಯ ಮತ್ತು ಸುಗಂಧ ಸಸ್ಯಗಳನ್ನು ಬೆಳೆಸಿ ಅಧ್ಯಯನ ಮಾಡಿದ್ದಾರೆ. ಅಡಿಕೆ ಹೇಗೂ ಆದಾಯ ಕೊಡುತ್ತಿರುವುದರಿಂದ ಕಾಯುವ ವರ್ಷಗಳ ಭಾರ ಅಷ್ಟಾಗಿ ತಟ್ಟುವುದಿಲ್ಲ. ಆದರೆ ಕೊಳ್ಳುವವನನ್ನು ಮೊದಲು ಗೊತ್ತುಮಾಡಿಕೊಂಡು, ಲಿಖಿತ ಒಪ್ಪಂದವಾದ ಮೇಲೆಯೇ ನೆಡಬೇಕು. ಗಿಡ ಮಾರಿ, ಬೆಳೆ ಕೊಳ್ಳುತ್ತೇವೆಂದು ಬಾಯಿಮಾತು ಕೊಟ್ಟು ಮಾಯವಾಗುವವರು ಈ ವ್ಯಾಪಾರದಲ್ಲಿ ಕಡಿಮೆಯಿಲ್ಲ.

ಉಪ್ಪಾಗೆ, ಪುನರ್ಪುಳಿಗಳಿಗೆ ಇನ್ನೊಂದು ತೊಡಕು. ಗಂಡು ಮರ, ಹೆಣ್ಣು ಮರ ಬೇರೆ ಬೇರೆ. ಬೀಜದಿಂದ ಬೆಳೆಸಿದರೆ ಸುಮಾರು ಅರ್ಧದಷ್ಟು ಗಂಡು, ಅದು ಗೊತ್ತಾಗುವುದು ಹೂ ಬಿಟ್ಟಾಗ. ಉಪ್ಪಾಗೆಯಲ್ಲಿ ಹತ್ತು ವರ್ಷ ಕಾದ ಮೇಲೆ. ಹೆಣ್ಣು ಮರದ ಕುಡಿಯನ್ನು ಕಸಿ ಕಟ್ಟಿದರೆ ಈ ಅನುಮಾನ ಇಲ್ಲ, ಮೂರು-ನಾಲ್ಕು ವರ್ಷಕ್ಕೇ ಹಣ್ಣು ಶುರುವಾಗುತ್ತದೆ. ಕುಡಿಯನ್ನು ಮೇಲ್ಮುಖವಾಗಿ ಬೆಳೆಯುವ ಚಿಗುರಿನಿಂದ ತೆಗೆಯಬೇಕು. ಪಕ್ಕದ ಕೊಂಬೆಯಿಂದ ತೆಗೆದರೆ ಗಿಡ ನೆಲಕ್ಕೆ ಸಮಾನಾಂತರವಾಗಿಯೇ ಹರಡುತ್ತದೆ. ಕಸಿ ಗಿಡ ಗಿಡ್ಡವಾಗಿರುವುದರಿಂದ ಹಣ್ಣಿಗಾಗಿ ಕೊಂಬೆ ಕಡಿಯುವ ಪ್ರಶ್ನೆಯೂ ಇಲ್ಲ.

ಹಾಗಾದರೆ ಎಲ್ಲವನ್ನೂ ಕಸಿ ಮಾಡಿ ತೋಟಕ್ಕೆ ತಂದರೆ ಕಾಡಿನ ಗಿಡ ಬೇಡವೇ? ಇಲ್ಲಿ ಪಠ್ಯಪುಸ್ತಕದ ಆ ಒಂದು ಅಂಕದ ವಾಕ್ಯಕ್ಕೆ ಬೆಲೆ ಬರುತ್ತದೆ. ಒಂದೇ ತಾಯಿ ಮರದಿಂದ ಮಾಡಿದ ಸಾವಿರ ಕಸಿ ಗಿಡಗಳು ಆನುವಂಶಿಕವಾಗಿ ಒಂದೇ ಗಿಡ. ಒಂದು ರೋಗ ಬಂದರೆ ಸಾವಿರಕ್ಕೂ ಬರುತ್ತದೆ. ಹೆಚ್ಚು ಔಷಧಾಂಶ ಇರುವ ತಳಿ ನಾಳೆ ಬೇಕೆಂದರೆ ಹುಡುಕಲು ಕಾಡಿನಲ್ಲಿ ಬೇರೆ ಬೇರೆ ಗುಣದ ಗಿಡಗಳು ಇರಬೇಕು. 1993ರಿಂದ ಕರ್ನಾಟಕ, ಕೇರಳ, ತಮಿಳುನಾಡಿನ ಅರಣ್ಯ ಇಲಾಖೆಗಳು ಬೆಂಗಳೂರಿನ ಎಫ್‌ಆರ್‌ಎಲ್‌ಎಚ್‌ಟಿ ಸಂಸ್ಥೆಯ ಜೊತೆ ಸೇರಿ, ಡೆನ್ಮಾರ್ಕಿನ ನೆರವಿನಿಂದ, ಔಷಧೀಯ ಸಸ್ಯ ಸಂರಕ್ಷಣಾ ಪ್ರದೇಶಗಳನ್ನು ಗುರುತಿಸಿದ್ದು ಇದಕ್ಕಾಗಿಯೇ. ಕರ್ನಾಟಕದಲ್ಲಿ ಹೀಗೆ ಗುರುತಿಸಿದ 13ರಲ್ಲಿ ನಮಗೆ ಹತ್ತಿರದವು ಚಾರ್ಮಾಡಿ, ಸುಬ್ರಹ್ಮಣ್ಯ, ಕುದುರೆಮುಖ. ಧರ್ಮಸ್ಥಳದಿಂದ ಘಟ್ಟ ಹತ್ತುವಾಗ ಬಸ್ಸಿನ ಕಿಟಕಿಯಿಂದ ಕಾಣುವ ಕಾಡು ಹಾಗೆ ಸುಮ್ಮನೆ ನಿಂತಿರುವ ಕಾಡಲ್ಲ. ಪುಸ್ತಕದ ಭಾಷೆಯಲ್ಲಿ ಅದು ‘ಇನ್-ಸಿಟು’. ನಮ್ಮ ವಾಮಂಜೂರಿನ ಪಿಲಿಕುಳದಲ್ಲಿ ಪಶ್ಚಿಮ ಘಟ್ಟದ ಮರಗಳನ್ನೂ ಔಷಧೀಯ ಗಿಡಗಳನ್ನೂ ತಂದು ಬೆಳೆಸಿರುವುದು ‘ಎಕ್ಸ್-ಸಿಟು’. ಉದಾಹರಣೆ ಕೊಡಿ ಎಂದು ಪರೀಕ್ಷೆಯಲ್ಲಿ ಕೇಳಿದರೆ ದಯವಿಟ್ಟು ಇವನ್ನೂ ಬರೆಯಿರಿ.

ನಮ್ಮ ಕಾಲೇಜಿನಲ್ಲಿ ಪರಿಸರ ದಿನಕ್ಕೆ ತುಳಸಿ, ಸಾಂಬ್ರಾಣಿ, ಆಡುಸೋಗೆ, ಒಂದೆಲಗದ ಕುಂಡಗಳನ್ನು ಇಡುತ್ತೇವೆ. ಚೆಂದವೇ, ಕೆಮ್ಮು ಬಂದಾಗ ಎಲೆ ಕೀಳಲು ಅನುಕೂಲವೇ. ಆದರೆ ಅದನ್ನು ಸಂರಕ್ಷಣೆ ಎಂದು ವರದಿಯಲ್ಲಿ ಬರೆಯುವುದು ನನಗೆ ಒಪ್ಪಿಗೆಯಿಲ್ಲ. ಅವುಗಳಿಗೆ ಅಪಾಯವೇ ಇಲ್ಲ, ಚಿಗುರು ಕಿತ್ತರೆ ತಿಂಗಳಲ್ಲಿ ಮತ್ತೆ ಬರುತ್ತವೆ.

ಆದ್ದರಿಂದ ಈ ಮಳೆಗಾಲ ಜೀವಶಾಸ್ತ್ರ ವಿಭಾಗದಿಂದ ಎರಡು ಕೆಲಸ. ಒಂದು, ಗಣತಿ. ಮಣ್ಣಗುಡ್ಡ, ಉರ್ವ, ಬಳ್ಳಾಲ್‌ಬಾಗ್ ಸುತ್ತ ಇರುವ ಹಾಲೆ, ಸರಾಕಾ ಅಶೋಕ, ನೇರಳೆ, ಪುನರ್ಪುಳಿ ಮರಗಳನ್ನು ಗುಂಪುಗುಂಪಾಗಿ ಹೋಗಿ ಎಣಿಸುತ್ತೇವೆ. ಎದೆಯೆತ್ತರದ ಸುತ್ತಳತೆ, ಕೆತ್ತೆಗೆ ಗಾಯ ಇದೆಯೇ, ಸುತ್ತಲೂ ಕಾಂಕ್ರೀಟ್ ಎಷ್ಟು, ಇಷ್ಟನ್ನೇ ಬರೆಯುವುದು. ಜೀವವೈವಿಧ್ಯ ಕಾಯ್ದೆ 2002ರ ಪ್ರಕಾರ ಪ್ರತಿ ಸ್ಥಳೀಯ ಸಂಸ್ಥೆಗೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಜನರ ದಾಖಲೆ ಪುಸ್ತಕ ಇರಬೇಕು. ನಮ್ಮ ಪಟ್ಟಿಯನ್ನು ಮಹಾನಗರ ಪಾಲಿಕೆಗೆ ಕೊಡುತ್ತೇವೆ.

ಎರಡು, ಬೀಜ. ಹಳ್ಳಿಯ ಮನೆಗೆ ಹೋಗುವವರು ತಮ್ಮದೇ ಜಾಗದ ಮರಗಳಿಂದ, ನೆಲಕ್ಕೆ ಬಿದ್ದ ಹಣ್ಣಿನ ಬೀಜ ಮಾತ್ರ ತನ್ನಿ. ಕಾಡಿಗೆ ಹೋಗಿ ಆರಿಸುವುದು ಬೇಡ. ಒಂದೇ ಮರದ್ದು ನೂರು ಬೀಜಕ್ಕಿಂತ ಹತ್ತು ಮರದ್ದು ಹತ್ತು ಹತ್ತು ಒಳ್ಳೆಯದು, ಯಾಕೆಂದು ಮೇಲೆ ಹೇಳಿದ್ದೇನೆ. ಪುನರ್ಪುಳಿಯ ಬೀಜ ಒಣಗಿಸಿಟ್ಟರೆ ಸಾಯುತ್ತದೆ, ತೊಳೆದು ಒದ್ದೆ ಬಟ್ಟೆಯಲ್ಲಿ ಸುತ್ತಿ ತನ್ನಿ. ಉಪ್ಪಾಗೆ ಬಿತ್ತಿದವರು ಮೊಳಕೆಗೆ ತಿಂಗಳುಗಟ್ಟಲೆ ಕಾಯಬೇಕು, ಪ್ಯಾಕೆಟ್ ಎಸೆಯಬೇಡಿ. ಪ್ರತಿ ಪೊಟ್ಟಣದ ಜೊತೆ ಒಂದು ಚೀಟಿ ಇರಲಿ: ಊರು, ತಾರೀಖು, ಎಷ್ಟು ಮರದಿಂದ ಆರಿಸಿದ್ದು, ನಿಮ್ಮ ಮನೆಯಲ್ಲಿ ಬ್ಯಾರಿ, ತುಳು, ಕೊಂಕಣಿ, ಕನ್ನಡ ಯಾವ ಭಾಷೆಯಲ್ಲಿ ಏನೆಂದು ಕರೆಯುತ್ತಾರೆ. ಶನಿವಾರ ಮಧ್ಯಾಹ್ನ ಲ್ಯಾಬ್ ತೆರೆದಿರುತ್ತದೆ. ಚೀಟಿ ಇಲ್ಲದ ಬೀಜ ತೆಗೆದುಕೊಳ್ಳುವುದಿಲ್ಲ.